ಮಕ್ಕಳ ಪಾಲನೆಯಲ್ಲಿ ಪಾಲಿತರ ಪಾತ್ರ

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವು ಕನ್ನಡ ನಾಡಿನ ಮಠಗಳು ಸಮಾಜಕ್ಕೆ ಸಲ್ಲಿಸಿರುವ ಸೇವೆಗಳಲ್ಲಿ ಅಗ್ರಗಣ್ಯವಾದುದೆಂಬುದನ್ನು ವಿಚಾರವಂತರೆಲ್ಲರೂ ಒಪ್ಪುತ್ತಾರೆ. ಸರ್ಕಾರದ ವಿದ್ಯಾರ್ಥಿನಿಲಯಗಳು ಹಳ್ಳಿಗಾಡಿನ ಮಕ್ಕಳಿಗೆ ಇನ್ನೂ ಎಟುಕದಿದ್ದ ಕಾಲದಲ್ಲಿ ಮಠಗಳ ಉಚಿತ ಪ್ರಸಾದ ನಿಲಯಗಳು ಬಾಗಿಲು ತೆರೆದವು. ಬಡವರ ಮಕ್ಕಳು ಅಲ್ಲಿ ಉಂಡು, ಓದಿ, ಅಧ್ಯಾಪಕರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ ನಾಡಿಗೆ ನೆರವಾದರು. ಸ್ಮರಣ ಸಂಚಿಕೆಯ ಪುಟಗಳಲ್ಲಿ ಆ ಸೇವೆಯ ಗುಣಗಾನ ನಡೆಯುವುದು ಸಹಜವೂ ಉಚಿತವೂ ಹೌದು. ಆದರೆ ಗುಣಗಾನದ ಜೊತೆಗೆ ಒಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ. ದಾಸೋಹವು ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ನಿರ್ಣಯಿಸತಕ್ಕವರು ಯಾರು? ನೀಡುವವರೋ, ಮೇಲ್ವಿಚಾರಣೆ ಮಾಡುವವರೋ, ಅಥವಾ ಉಣ್ಣುವವರೋ?

ಹೆತ್ತವರನ್ನು ಕಳೆದುಕೊಂಡು, ಇಲ್ಲವೇ ಹೆತ್ತವರಿದ್ದೂ ಅವರಿಂದ ದೂರವಾಗಿ, ಸಂಸ್ಥೆಯೊಂದರಲ್ಲಿಯೋ ಪೋಷಕ ಕುಟುಂಬವೊಂದರಲ್ಲಿಯೋ ಬೆಳೆದವರನ್ನು ಈ ಲೇಖನದಲ್ಲಿ ‘ಪಾಲಿತರು’ ಎಂದು ಕರೆಯೋಣ. ಇಂತಹ ಮಕ್ಕಳಿಗಾಗಿ ದೇಶದಲ್ಲಿ ಕಾನೂನುಗಳಿವೆ, ಇಲಾಖೆಗಳಿವೆ, ಸಮಿತಿಗಳಿವೆ, ದಾನಿಗಳಿದ್ದಾರೆ. ಆ ಸಮಿತಿಗಳ ಕುರ್ಚಿಗಳಲ್ಲಿ ಕುಳಿತವರೆಲ್ಲರೂ ಮಕ್ಕಳ ಹಿತಚಿಂತಕರೇ ಆಗಿರಬಹುದು. ಆದರೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಬೆಳೆದವರು ಅವರ ನಡುವೆ ಎಷ್ಟು ಮಂದಿ? ಬಹುತೇಕ ಕಡೆಗಳಲ್ಲಿ ಒಬ್ಬರೂ ಇರುವುದಿಲ್ಲ. ಪಾಲಿತರನ್ನು ಮಕ್ಕಳ ಕಲ್ಯಾಣ ವ್ಯವಸ್ಥೆಯ ಸುಧಾರಣೆಯಲ್ಲಿ ಸಹಭಾಗಿಗಳನ್ನಾಗಿ ಮಾಡಿಕೊಳ್ಳಬೇಕು, ಆ ಕಾರ್ಯವು ನಮ್ಮ ಪ್ರಸಾದ ನಿಲಯದಿಂದಲೇ, ನಮ್ಮ ಹುಳಿಮಾವಿನಿಂದಲೇ ಆರಂಭವಾಗಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಇದು ಹೊರನಾಡಿನಿಂದ ಎರವಲು ತಂದ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ತುಮಕೂರಿನ ಶ್ರೀ ಸಿದ್ಧಗಂಗಾ ಮಠದ ಉದಾಹರಣೆಯನ್ನೇ ನೋಡಬಹುದು. ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದ ರೈತ ಕುಟುಂಬದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿಯೇ ಮಾತೃವಿಯೋಗವನ್ನು ಅನುಭವಿಸಿದರು. ಮುಂದೆ ಇದೇ ಮಠದಲ್ಲಿ ಅಲ್ಪಕಾಲ ಆವಾಸಿ ವಿದ್ಯಾರ್ಥಿಯಾಗಿದ್ದು 1926ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಶ್ರೀ ಉದ್ದಾನ ಶಿವಯೋಗಿಗಳವರು ಅವರನ್ನು 1930ರಲ್ಲಿ ಉತ್ತರಾಧಿಕಾರಿಯನ್ನಾಗಿ ಆರಿಸಿದರು. 1941ರಲ್ಲಿ ಮಠದ ಹೊಣೆ ಅವರ ಮೇಲೆ ಬಿತ್ತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಏಕಕಾಲಕ್ಕೆ ಆಶ್ರಯ ಪಡೆದು ಓದುತ್ತಿದ್ದ ಮಕ್ಕಳ ಸಂಖ್ಯೆ ಸಾವಿರಗಳಲ್ಲಿತ್ತು. ಆ ಮಹಾಕಾರ್ಯಕ್ಕೆ ಅವರ ತಪಸ್ಸು, ಕಾಯಕನಿಷ್ಠೆಗಳು ಮೂಲ ಕಾರಣವೆಂಬುದು ನಿರ್ವಿವಾದ. ಅದರೊಡನೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಆ ಮಠದ ಮಕ್ಕಳ ನಡುವೆ ಒಬ್ಬರಾಗಿ ಬಾಳಿದ್ದವರು ಮುಂದೆ ಆ ಮಕ್ಕಳೆಲ್ಲರ ಪೋಷಕರಾದರು. ಉಣ್ಣುವವನ ಹಸಿವು ಏನೆಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವು ನಮ್ಮ ಕಣ್ಣೆದುರಿಗೆ ನಿಲ್ಲುತ್ತದೆ. ಅದರ ಹೆಸರಿನಲ್ಲಿಯೇ ಅದರ ತತ್ತ್ವ ಅಡಗಿದೆ. ಅಲ್ಲಿ ಪ್ರವೇಶಕ್ಕೆ ಬೇಕಾಗಿದ್ದುದು ಕುಲವಲ್ಲ, ಪಾಂಡಿತ್ಯವಲ್ಲ. ಬಾಳಿ ಅರಿತ ಅನುಭಾವ. ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನ ಮಾತಿಗೆ ಹಿರಿಯರು ಅಲ್ಲಿ ತಲೆದೂಗಿದರು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಪತಿ ಮಾರಯ್ಯನು ನಿತ್ಯದ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ ಆಕೆ ಅದನ್ನು ಹಿಂದಿರುಗಿಸಿ ಬರುವಂತೆ ತಿದ್ದಿದಳು. ದಾಸೋಹಕ್ಕೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ನಿರ್ಣಯಿಸಿದವಳು ಬಡ ಮನೆಯ ಗೃಹಿಣಿ. ಆಕೆಯ ಮಾತನ್ನು ಶರಣರು ಉದ್ಧಟತನವೆಂದು ಬಗೆಯಲಿಲ್ಲ, ಶಿವಜ್ಞಾನವೆಂದು ಬಗೆದರು. ದಾಸೋಹವೆಂದರೆ ನೀಡುವವನು ದಾಸನಾಗುವುದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಮೇಲು ಕೆಳಗೆಂಬುದೇ ಇಲ್ಲ. ಹಾಗಿರುವಾಗ ಸೇವೆ ಪಡೆದವರು ಸೇವೆಯ ಕೊರತೆಯನ್ನು ಎತ್ತಿ ಹೇಳುವುದು ಕೃತಘ್ನತೆಯಾಗುವುದು ಹೇಗೆ?

ಪಾಲಿತರಿಗೆ ಮಾತ್ರ ತಿಳಿದಿರುವ ಸಂಗತಿಗಳು ಯಾವುವೆಂದು ಕೆಲವರು ಕೇಳಬಹುದು. ಅವು ಮೇಲ್ನೋಟಕ್ಕೆ ಸಣ್ಣವಾಗಿ ಕಾಣುತ್ತವೆ. ಸಂಸ್ಥೆಗೆ ಭೇಟಿ ಕೊಡುವ ಪರಿಶೀಲಕರು ಹಗಲಿನಲ್ಲಿ ಬರುತ್ತಾರೆ. ಮಕ್ಕಳ ಭಯಗಳು ರಾತ್ರಿಯವು. ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪವಿದೆಯೇ, ಬಾಗಿಲಿಗೆ ಒಳಗಿನ ಅಗುಳಿ ಇದೆಯೇ, ದೊಡ್ಡ ಹುಡುಗರು ಚಿಕ್ಕವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ದಾಖಲೆ ಪುಸ್ತಕದಿಂದ ಗೊತ್ತಾಗುವುದಿಲ್ಲ. ದಸರೆಯ ರಜೆ ಬಂದಾಗ ವಿದ್ಯಾರ್ಥಿನಿಲಯ ಬರಿದಾಗುತ್ತದೆ. ಹೋಗಲು ಮನೆಯಿಲ್ಲದ ನಾಲ್ಕಾರು ಮಕ್ಕಳು ಉಳಿದುಕೊಳ್ಳುತ್ತಾರೆ. ಆ ಹದಿನೈದು ದಿನಗಳು ಅವರಿಗೆ ಹೇಗೆ ಕಳೆಯುತ್ತವೆಂಬುದನ್ನು ಹಾಗೆ ಉಳಿದವರೇ ಹೇಳಬೇಕು. ಅಕ್ಕನನ್ನು ಬಾಲಕಿಯರ ಮಂದಿರಕ್ಕೂ ತಮ್ಮನನ್ನು ಬಾಲಕರ ಮಂದಿರಕ್ಕೂ ಸೇರಿಸಿದರೆ ಆಡಳಿತಕ್ಕೆ ಅನುಕೂಲ. ಆ ಇಬ್ಬರಿಗೆ ಅದು ಎರಡನೆಯ ಅನಾಥತ್ವ. ದಾನಿಗಳ ಹುಟ್ಟುಹಬ್ಬದ ದಿನ ಮಧ್ಯಾಹ್ನ ಹೋಳಿಗೆ, ರಾತ್ರಿಯೂ ಹೋಳಿಗೆ. ಆದರೆ ಪರೀಕ್ಷೆಯ ತಿಂಗಳಲ್ಲಿ ಸಂಜೆಯ ಹಸಿವಿಗೆ ಏನೂ ಇಲ್ಲ. ಇಂತಹ ಅಸಮತೆಯನ್ನು ಲೆಕ್ಕಪತ್ರ ತೋರಿಸುವುದಿಲ್ಲ. ಹದಿನೆಂಟು ತುಂಬಿ ಹೊರಬಿದ್ದ ಯುವಕನು ಬಾಡಿಗೆಗೆ ಕೊಠಡಿ ಕೇಳಿದಾಗ ಮನೆಯ ಯಜಮಾನನು ಮೊದಲು ಕೇಳುವ ಪ್ರಶ್ನೆ ‘ತಂದೆ ಏನು ಮಾಡುತ್ತಾರೆ’ ಎಂಬುದು. ಆ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸಿ ಕಳುಹಿಸುವ ಸಂಸ್ಥೆಗಳು ಎಷ್ಟಿವೆ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ವಿಶ್ವಸಂಸ್ಥೆಯು 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆಯೆಂದು ಸಾರಿತು. ಭಾರತವು ಅದನ್ನು 1992ರಲ್ಲಿ ಒಪ್ಪಿಕೊಂಡಿತು. 2015ರ ಬಾಲ ನ್ಯಾಯ ಕಾಯಿದೆಯು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ 3ನೆಯ ಪ್ರಕರಣವು ಮಗುವಿನ ಸಹಭಾಗಿತ್ವವನ್ನು ಮೂಲತತ್ತ್ವಗಳಲ್ಲಿ ಒಂದಾಗಿ ಎಣಿಸಿದೆ. ಆರು ವರ್ಷ ಮೀರಿದ ಮಕ್ಕಳಿರುವ ಪ್ರತಿಯೊಂದು ಪಾಲನಾ ಸಂಸ್ಥೆಯಲ್ಲಿಯೂ ಮಕ್ಕಳ ಸಮಿತಿಗಳ ರಚನೆಗೆ ಅನುವು ಮಾಡಿಕೊಡತಕ್ಕದ್ದೆಂದು 53ನೆಯ ಪ್ರಕರಣವು ವಿಧಿಸುತ್ತದೆ. ಕೇಂದ್ರ ಸರ್ಕಾರದ 2016ರ ಮಾದರಿ ನಿಯಮಗಳು ಇನ್ನಷ್ಟು ಸ್ಪಷ್ಟವಾಗಿವೆ: 6ರಿಂದ 10, 11ರಿಂದ 15, 16ರಿಂದ 18 ವರ್ಷಗಳ ಮಕ್ಕಳಿಗೆ ಬೇರೆ ಬೇರೆ ಸಮಿತಿಗಳಿರಬೇಕು, ಅವುಗಳಲ್ಲಿ ಮಕ್ಕಳು ಮಾತ್ರವೇ ಇರಬೇಕು, ಅವರ ನಡವಳಿಕೆಯ ಪುಸ್ತಕವು ವ್ಯವಸ್ಥಾಪನಾ ಸಮಿತಿಯ ಮುಂದೆ ಬರಬೇಕು. ಸಂಸ್ಥೆಯಿಂದ ಹೊರಬಿದ್ದವರಿಗೆ 21 ವರ್ಷದವರೆಗೆ ಅನುಪಾಲನೆಯ ಅವಕಾಶವಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಅದಕ್ಕೆ ತಿಂಗಳಿಗೆ 4,000 ರೂಪಾಯಿಗಳನ್ನು ಗೊತ್ತುಪಡಿಸಿದೆ.

ಇಷ್ಟಾದರೂ ಎರಡು ಲೋಪಗಳು ಉಳಿದಿವೆ. ಮೊದಲನೆಯದು, ಕಾಗದದ ಮೇಲಿನ ಸಮಿತಿ ಕಾಗದದ ಮೇಲೆಯೇ ಉಳಿಯುವುದು. 2018ರಲ್ಲಿ ಕೇಂದ್ರ ಸರ್ಕಾರದ ಸಮೀಕ್ಷಾ ವರದಿಯು ದೇಶದಲ್ಲಿ 9,589 ಪಾಲನಾ ಸಂಸ್ಥೆಗಳನ್ನು ಎಣಿಸಿತು. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಮಕ್ಕಳ ಸಮಿತಿಯ ಪುಸ್ತಕವನ್ನು ತಿಂಗಳುಗಟ್ಟಲೆ ಯಾರೂ ತೆರೆಯದೆ, ಪರಿಶೀಲಕರು ಬರುವ ಹಿಂದಿನ ದಿನ ಒಂದೇ ಕೈಬರಹದಲ್ಲಿ ಬರೆಸಿಬಿಡುವುದು ಅಸಾಧ್ಯವೇನಲ್ಲ. ಎರಡನೆಯದು, ಹದಿನೆಂಟು ದಾಟಿದ ಪಾಲಿತರಿಗೆ ಎಲ್ಲಿಯೂ ನಿಶ್ಚಿತ ಸ್ಥಾನವಿಲ್ಲದಿರುವುದು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಾಗಲು 35 ವರ್ಷ ತುಂಬಿರಬೇಕೆಂದು ಮಾದರಿ ನಿಯಮಗಳು ಹೇಳುತ್ತವೆ. ತೀರ್ಪು ಕೊಡುವ ಅಧಿಕಾರಕ್ಕೆ ಪ್ರೌಢ ವಯಸ್ಸು ಬೇಕೆಂಬುದು ಸರಿಯೇ. ಆದರೆ ಮೂರು ತಿಂಗಳಿಗೊಮ್ಮೆ ಸಂಸ್ಥೆಗಳನ್ನು ನೋಡಬೇಕಾದ ಪರಿಶೀಲನಾ ತಂಡದ ವಿಷಯದಲ್ಲಿಯೂ, ಒಬ್ಬ ಮಹಿಳೆ ಹಾಗೂ ಒಬ್ಬ ವೈದ್ಯಾಧಿಕಾರಿ ಇರಬೇಕೆಂದು 54ನೆಯ ಪ್ರಕರಣವು ಹೇಳುತ್ತದೆಯೇ ಹೊರತು, ಅಂತಹ ಸಂಸ್ಥೆಯಲ್ಲಿ ಬೆಳೆದ ಒಬ್ಬರು ಇರಬೇಕೆಂದು ಹೇಳುವುದಿಲ್ಲ. ಇಪ್ಪತ್ತೆರಡರ ಯುವತಿಯೊಬ್ಬಳಿಗೆ ಬಾಲಮಂದಿರದ ಹತ್ತು ವರ್ಷಗಳ ನೆನಪು ಹಸಿಯಾಗಿರುತ್ತದೆ. ಅದು ಮಾಸಿದ ಮೇಲೆ ಕರೆದು ಕೂರಿಸುವುದರಿಂದ ಪ್ರಯೋಜನ ಕಡಿಮೆ.

ಮಕ್ಕಳ ಮಾತಿಗೆ ಆಡಳಿತದಲ್ಲಿ ಎಡೆಗೊಟ್ಟರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಆಸರೆಯಲ್ಲಿ ದುಡಿಯುವ ಮಕ್ಕಳು 1990ರಲ್ಲಿ ‘ಭೀಮ ಸಂಘ’ವೆಂಬ ತಮ್ಮದೇ ಸಂಘಟನೆಯನ್ನು ಕಟ್ಟಿಕೊಂಡರು. 1995ರಿಂದ ಕುಂದಾಪುರ ಸೀಮೆಯ ಗ್ರಾಮಗಳಲ್ಲಿ ಮಕ್ಕಳೇ ಮತ ಚಲಾಯಿಸಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡ ಮಕ್ಕಳ ಪಂಚಾಯತಿಗಳು ನಡೆದವು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲಾಗದ ಕಷ್ಟ, ಕಾಲುಸಂಕದ ಅಗತ್ಯ ಮುಂತಾದುವನ್ನು ಮಕ್ಕಳು ಹಿರಿಯರ ಪಂಚಾಯತಿಯ ಮುಂದಿಟ್ಟರು. ನೀರು ಏರಿದಾಗ ದೊಡ್ಡವರಿಗೆ ಮೊಣಕಾಲಿನವರೆಗೆ ಬರುವ ಹಳ್ಳವು ಎಂಟರ ಮಗುವಿಗೆ ಎದೆಯವರೆಗೆ ಬರುತ್ತದೆ. ಆ ಅಳತೆಯನ್ನು ಮಗುವೇ ಕೊಡಬೇಕು. ಮುಂದೆ 2006ರಲ್ಲಿ ರಾಜ್ಯ ಸರ್ಕಾರವು ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಎಲ್ಲ ಕಡೆಯೂ ಆ ಸಭೆಗಳು ಅರ್ಥಪೂರ್ಣವಾಗಿ ನಡೆಯುತ್ತಿವೆಯೆಂದು ಹೇಳಲಾಗದು. ಆದರೂ ಹಿರಿಯರು ವರ್ಷಕ್ಕೊಮ್ಮೆಯಾದರೂ ಮಕ್ಕಳ ಮುಂದೆ ಕುಳಿತು ಉತ್ತರ ಹೇಳಬೇಕೆಂಬ ಮರ್ಯಾದೆ ನಾಡಿನಲ್ಲಿ ನೆಲೆಗೊಂಡಿತು.

ನೆರೆಯ ಮಹಾರಾಷ್ಟ್ರದ ಸಂಗತಿಯು ಪಾಲಿತರ ವಿಷಯಕ್ಕೆ ಇನ್ನೂ ಹತ್ತಿರವಾದುದು. ಗೋವೆಯ ಅನಾಥಾಲಯವೊಂದರಲ್ಲಿ ಬೆಳೆದ ಯುವತಿಯೊಬ್ಬರು ಅಲ್ಲಿಯ ರಾಜ್ಯ ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆಗೆ ಕುಳಿತರು. ಕುಟುಂಬದ ಆದಾಯಕ್ಕೆ ಸಂಬಂಧಿಸಿದ ಪ್ರಮಾಣಪತ್ರವಿಲ್ಲವೆಂಬ ಕಾರಣದಿಂದ ಅವರಿಗೆ ಅವಕಾಶ ತಪ್ಪಿತು. ಕುಟುಂಬವೇ ಇಲ್ಲದವರು ಕುಟುಂಬದ ಆದಾಯವನ್ನು ಎಲ್ಲಿಂದ ತರಬೇಕು? ಅವರು ಸುಮ್ಮನಾಗದೆ ಸರ್ಕಾರದ ಬಾಗಿಲು ತಟ್ಟಿದರು. 2018ರಲ್ಲಿ ಮಹಾರಾಷ್ಟ್ರ ಸರ್ಕಾರವು ಅನಾಥರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿಯನ್ನು ಒಪ್ಪಿತು. ಎಷ್ಟೋ ವರ್ಷಗಳಿಂದ ಎಷ್ಟೋ ಹಿತಚಿಂತಕರು ಸಭೆ ನಡೆಸಿದರೂ ಕಣ್ಣಿಗೆ ಬೀಳದಿದ್ದ ಒಂದು ಕೊರತೆಯು, ಅದನ್ನು ಅನುಭವಿಸಿದ ಒಬ್ಬರು ಬಾಯಿ ತೆರೆದೊಡನೆ ಇಡೀ ರಾಜ್ಯಕ್ಕೆ ಕಂಡಿತು.

ಹೊರದೇಶಗಳಲ್ಲಿ ಈ ಪ್ರಯತ್ನಕ್ಕೆ ಹೆಚ್ಚು ವ್ಯವಸ್ಥಿತ ರೂಪ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪೋಷಕ ಕುಟುಂಬಗಳಲ್ಲಿ ಬೆಳೆದ ಯುವಜನರು 1988ರಿಂದ ತಮ್ಮದೇ ಸಂಘಟನೆಯ ಮೂಲಕ ಶಾಸನಸಭೆಯವರೆಗೂ ತಮ್ಮ ಅಹವಾಲುಗಳನ್ನು ಒಯ್ಯುತ್ತ ಬಂದಿದ್ದಾರೆ. ಸ್ಕಾಟ್ಲೆಂಡಿನಲ್ಲಿ 2017ರಿಂದ 2020ರವರೆಗೆ ಇಡೀ ಪಾಲನಾ ವ್ಯವಸ್ಥೆಯ ಸ್ವತಂತ್ರ ಪರಾಮರ್ಶೆ ನಡೆಯಿತು. ಪರಾಮರ್ಶಕರು 5,500ಕ್ಕೂ ಹೆಚ್ಚು ಮಂದಿಯ ಅನುಭವಗಳನ್ನು ಆಲಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಲನಾ ವ್ಯವಸ್ಥೆಯಲ್ಲಿಯೇ ಬೆಳೆದವರು. ಅವರು ಒತ್ತಿ ಹೇಳಿದ ಮಾತುಗಳಲ್ಲಿ ಒಂದು, ಒಡಹುಟ್ಟಿದವರನ್ನು ಬೇರ್ಪಡಿಸಬೇಡಿರಿ ಎಂಬುದು. 2021ರಲ್ಲಿ ಅಲ್ಲಿಯ ಸ್ಥಳೀಯ ಆಡಳಿತಗಳಿಗೆ ಅದು ಕಾನೂನಿನ ಕರ್ತವ್ಯವೇ ಆಯಿತು. ಅವರ ಸಂಪತ್ತು, ಸಿಬ್ಬಂದಿಗಳು ನಮ್ಮಲ್ಲಿಲ್ಲ, ನಿಜ. ಆದರೆ ಆಲಿಸುವುದಕ್ಕೆ ಸಂಪತ್ತು ಬೇಕಾಗಿಲ್ಲವೆಂಬುದನ್ನು ಮರೆಯಲಾಗದು.

ಇನ್ನು ನಮ್ಮ ಹುಳಿಮಾವಿನ ಕಡೆಗೆ ದೃಷ್ಟಿ ಹರಿಸೋಣ. ಬೇಗೂರು ಹೋಬಳಿಯ ಒಂದು ಹಳ್ಳಿಯಾಗಿದ್ದ ಈ ಊರು ಬನ್ನೇರುಘಟ್ಟ ರಸ್ತೆಯ ಬೆಳವಣಿಗೆಯೊಡನೆ ಮಹಾನಗರದೊಳಗೆ ಸೇರಿಹೋಯಿತು. ಗುಹಾಂತರ ದೇವಾಲಯ ಮತ್ತು ಕೆರೆಗಳ ಜೊತೆಗೆ ಬಹುಮಹಡಿ ವಸತಿಗಳೂ ಇಂದು ಊರಿನ ಗುರುತಾಗಿವೆ. ಆ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರ ಕೈಗಳು ಅನೇಕ. ತಗಡಿನ ಶೆಡ್ಡುಗಳಲ್ಲಿ ಬೆಳೆಯುವ ಅವರ ಮಕ್ಕಳ ಬಾಳಿನಲ್ಲಿ ಒಂದು ಅಪಘಾತ, ಒಂದು ಕಾಯಿಲೆ, ತಂದೆಯ ಒಂದು ಕುಡಿತ ಸಾಕು. ಮಗು ಬಾಲಮಂದಿರದ ಬಾಗಿಲಿಗೆ ಬಂದು ನಿಲ್ಲುತ್ತದೆ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದನ್ನು ಈ ಸಂಚಿಕೆಯ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಅಂದು ನೀರಿನ ದಾರಿ ಯಾವುದೆಂಬುದು ನಕ್ಷೆ ಹಿಡಿದವರಿಗಿಂತ ಮೊದಲು ತಗ್ಗಿನ ಮನೆಗಳವರಿಗೆ ತಿಳಿಯಿತು. ಮಕ್ಕಳ ಕಲ್ಯಾಣದ ವಿಷಯವೂ ಹಾಗೆಯೇ. ಹಳ್ಳಿಗೆ ಮಕ್ಕಳ ಗ್ರಾಮಸಭೆಯೆಂಬ ವೇದಿಕೆಯಾದರೂ ಇದೆ; ನಗರದ ವಾರ್ಡಿನ ಮಗುವಿಗೆ ಅಷ್ಟು ದೃಢವಾದ ವೇದಿಕೆ ದೊರೆತಿಲ್ಲ. 2025ರಲ್ಲಿ ನಗರದ ಆಡಳಿತವನ್ನು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳಾಗಿ ಪುನಾರಚಿಸಲಾಯಿತು. ಹೊಸ ಕಟ್ಟಡಕ್ಕೆ ಅಡಿಪಾಯ ಹಾಕುವಾಗಲೇ ಮಕ್ಕಳಿಗೊಂದು ಬಾಗಿಲನ್ನು ಇರಿಸುವಂತೆ ಕೇಳುವುದು ಸುಲಭ.

ಈ ಸಲಹೆಗೆ ಆಕ್ಷೇಪಣೆಗಳಿಲ್ಲದಿಲ್ಲ. ಅವುಗಳನ್ನು ಅಲಕ್ಷಿಸುವುದು ನ್ಯಾಯವಲ್ಲ. ಮಕ್ಕಳಿಗೆ ಸಮಿತಿ, ಮತ, ಪ್ರಶ್ನೆಗಳನ್ನು ಕೊಟ್ಟರೆ ಶಿಸ್ತು ಕೆಡುವುದೆಂದು ಅನುಭವಿ ನಿಲಯಪಾಲಕರು ಹೇಳುತ್ತಾರೆ. ನೂರಾರು ಮಕ್ಕಳನ್ನು ಇಬ್ಬರು ಮೂವರು ನೋಡಿಕೊಳ್ಳಬೇಕಾದಲ್ಲಿ ಶಿಸ್ತಿನ ಬೆಲೆ ಎಷ್ಟೆಂಬುದನ್ನು ಹೊರಗಿನವರು ಅರಿಯಲಾರರು. ಆದಕಾರಣ ಅವರ ಮಾತಿಗೆ ತೂಕವುಂಟು. ಆದರೆ ಭಯದಿಂದ ಹುಟ್ಟಿದ ಮೌನವೂ ಹೊರನೋಟಕ್ಕೆ ಶಿಸ್ತಿನಂತೆಯೇ ಕಾಣುತ್ತದೆ. ಇವೆರಡನ್ನೂ ಬೇರ್ಪಡಿಸಿ ತೋರಿಸಬಲ್ಲವರು ಮಕ್ಕಳೇ. ಎಲ್ಲಿ ಮಗು ನಿರ್ಭಯವಾಗಿ ದೂರು ಹೇಳಬಲ್ಲುದೋ ಅಲ್ಲಿ ದುಷ್ಟನೊಬ್ಬನು ಬಹುಕಾಲ ಅಡಗಿರಲಾರ. ಎಲ್ಲಿ ಹೇಳಲಾರದೋ ಅಲ್ಲಿ ಒಳ್ಳೆಯ ನಿಲಯಪಾಲಕನ ಹೆಸರೂ ಕೆಟ್ಟವನ ಹೆಸರಿನೊಡನೆ ಮಣ್ಣುಪಾಲಾಗುತ್ತದೆ. ಕಾವಿಗಾಗಲಿ, ಖಾದಿಗಾಗಲಿ, ಸರ್ಕಾರಿ ಮೊಹರಿಗಾಗಲಿ ಇದರಿಂದ ವಿನಾಯಿತಿ ಇರಬಾರದು.

ಎರಡನೆಯ ಆಕ್ಷೇಪಣೆ ಕೃತಜ್ಞತೆಯದು. ಅನ್ನವಿಕ್ಕಿದ ಮನೆಯ ತಪ್ಪು ಎಣಿಸಬಾರದೆಂಬುದು ನಮ್ಮ ಸಂಸ್ಕಾರ. ಪಾಲಿತರು ಸುಮ್ಮನಿರುವುದಕ್ಕೆ ಈ ಸಂಸ್ಕಾರವೇ ಮುಖ್ಯ ಕಾರಣ. ಆದರೆ ತಾನು ಉಂಡ ಮನೆಯಲ್ಲಿ ನಾಳೆ ಉಣ್ಣುವ ಮಗುವಿಗೆ ಇನ್ನೂ ಒಳ್ಳೆಯದಾಗಲೆಂದು ಬಯಸುವುದಕ್ಕಿಂತ ದೊಡ್ಡ ಕೃತಜ್ಞತೆ ಯಾವುದಿದೆ? ಹಳೆಯ ವಿದ್ಯಾರ್ಥಿಯು ಕಟ್ಟಡ ನಿಧಿಗೆ ಹತ್ತು ಸಾವಿರ ಕೊಟ್ಟರೆ ಅವನ ಹೆಸರನ್ನು ಕಲ್ಲಿನ ಮೇಲೆ ಕೆತ್ತುತ್ತೇವೆ. ಅವನೇ ಬಂದು, ಸ್ನಾನಗೃಹದ ಬಾಗಿಲಿಗೆ ಅಗುಳಿಯಿಲ್ಲದೆ ತಾನು ಮೂರು ವರ್ಷ ಸಂಕಟಪಟ್ಟೆನೆಂದು ಹೇಳಿದರೆ ಮುಖ ತಿರುಗಿಸುತ್ತೇವೆ. ಎರಡೂ ಕಾಣಿಕೆಗಳೇ, ಎರಡನೆಯದನ್ನು ಕೊಡಲು ಹೆಚ್ಚಿನ ಧೈರ್ಯ ಬೇಕು.

ಮೂರನೆಯ ಆಕ್ಷೇಪಣೆಯನ್ನು ಪಾಲಿತರೇ ಎತ್ತುತ್ತಾರೆ, ಮತ್ತು ಅದು ಎಲ್ಲಕ್ಕಿಂತ ಗಂಭೀರವಾದುದು. ಸಭೆಗಳಿಗೆ ತಮ್ಮನ್ನು ಕರೆಯುವುದು ಸಲಹೆಗಾಗಿ ಅಲ್ಲ, ಕಥೆಗಾಗಿ ಎಂಬುದು ಅವರ ನೋವು. ವೇದಿಕೆಯ ಮೇಲೆ ನಿಂತು ತಾಯಿ ಸತ್ತ ಕಥೆಯನ್ನು ಹೇಳಬೇಕು; ಸಭಿಕರು ಕಣ್ಣೊರೆಸಿಕೊಳ್ಳಬೇಕು; ದಾನದ ಪೆಟ್ಟಿಗೆ ತುಂಬಬೇಕು; ಆಮೇಲೆ ತೀರ್ಮಾನಗಳನ್ನು ಬೇರೆಯವರು ಬೇರೆ ಕೋಣೆಯಲ್ಲಿ ತೆಗೆದುಕೊಳ್ಳಬೇಕು. ಇದು ಸಹಭಾಗಿತ್ವವಲ್ಲ, ಪ್ರದರ್ಶನ. ವೈದ್ಯನನ್ನು ಸಮಿತಿಗೆ ಕರೆದಾಗ ಅವನ ಮನೆಯ ದುಃಖವನ್ನು ಯಾರೂ ವಿಚಾರಿಸುವುದಿಲ್ಲ. ಅವನ ಜ್ಞಾನವನ್ನು ಕೇಳುತ್ತಾರೆ. ಪಾಲಿತರಿಗೂ ಅದೇ ಮರ್ಯಾದೆ ಸಲ್ಲಬೇಕು.

ಈ ಎಲ್ಲವನ್ನೂ ಗಮನದಲ್ಲಿರಿಸಿಕೊಂಡು ನಮ್ಮ ವಿದ್ಯಾಸಂಸ್ಥೆಯ ಹಿರಿಯರ, ಅಧ್ಯಾಪಕ ಬಂಧುಗಳ ಹಾಗೂ ದಾನಿಗಳ ಅವಗಾಹನೆಗಾಗಿ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡಬಯಸುತ್ತೇನೆ.

ಮೊದಲನೆಯದಾಗಿ, ನಮ್ಮ ಪ್ರಸಾದ ನಿಲಯವು ಕಾನೂನಿನ ಅರ್ಥದಲ್ಲಿ ಪಾಲನಾ ಸಂಸ್ಥೆಯೆನಿಸಲಿ ಬಿಡಲಿ, ಮಕ್ಕಳ ಸಮಿತಿಯ ನಿಯಮವನ್ನು ನಾವಾಗಿಯೇ ಒಪ್ಪಿಕೊಳ್ಳಬೇಕು. ಮಕ್ಕಳು ತಿಂಗಳಿಗೊಮ್ಮೆ ಸೇರಲಿ. ಅವರ ಪುಸ್ತಕವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಮೊದಲನೆಯ ವಿಷಯವಾಗಿ ಓದಲಿ. ಮೂವತ್ತು ದಿನಗಳೊಳಗೆ ಪ್ರತಿಯೊಂದು ಬೇಡಿಕೆಗೂ ಲಿಖಿತ ಉತ್ತರ ಹೋಗಬೇಕು. ಆಗದ ಕೆಲಸಕ್ಕೆ ಆಗದೆಂದೂ, ಏಕೆ ಆಗದೆಂದೂ ಹೇಳಿದರೆ ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ. ಉತ್ತರವೇ ಬಾರದಿದ್ದರೆ ಎರಡನೆಯ ಬಾರಿ ಕೇಳುವುದಿಲ್ಲ.

ಎರಡನೆಯದಾಗಿ, ನಿಲಯವನ್ನು ಬಿಟ್ಟು ಹತ್ತು ವರ್ಷ ಮೀರದ ಇಬ್ಬರು ಹಳೆಯ ವಿದ್ಯಾರ್ಥಿಗಳಿಗೆ ನಿಲಯದ ವ್ಯವಸ್ಥಾಪಕ ಸಮಿತಿಯಲ್ಲಿ ಮತಾಧಿಕಾರದೊಡನೆ ಸ್ಥಾನವಿರಲಿ. ಅವರಲ್ಲಿ ಒಬ್ಬರಾದರೂ ರಜೆಯಲ್ಲಿ ಹೋಗಲು ಮನೆಯಿಲ್ಲದೆ ಬೆಳೆದವರಾಗಿರಲಿ. ಒಬ್ಬರೇ ಇದ್ದರೆ ಹಿರಿಯರ ನಡುವೆ ಬಾಯಿ ಕಟ್ಟುತ್ತದೆ. ಇಬ್ಬರಿದ್ದರೆ ಧೈರ್ಯ ಬರುತ್ತದೆ. ದಿನಗೂಲಿಯ ಕೆಲಸ ಬಿಟ್ಟು ಬರುವ ಯುವಕನಿಗೆ ಪ್ರಯಾಣದ ವೆಚ್ಚವನ್ನೂ ಆ ದಿನದ ಸಂಪಾದನೆಯನ್ನೂ ಕೊಡತಕ್ಕದ್ದು. ಕಾಯಕಕ್ಕೆ ಪ್ರತಿಫಲ ಕೊಡುವುದು ಶರಣಧರ್ಮಕ್ಕೆ ವಿರುದ್ಧವಲ್ಲ.

ಮೂರನೆಯದಾಗಿ, ವಾರ್ಷಿಕೋತ್ಸವದಲ್ಲಾಗಲಿ ದಾನಿಗಳ ಭೇಟಿಯಲ್ಲಾಗಲಿ ಮಕ್ಕಳ ಸ್ವಂತ ದುಃಖವನ್ನು ವೇದಿಕೆಯ ಮೇಲೆ ಹೇಳಿಸುವ, ಅವರ ಭಾವಚಿತ್ರಗಳನ್ನು ಮನವಿ ಪತ್ರಗಳಲ್ಲ�ಿ ಅಚ್ಚುಮಾಡುವ ಪದ್ಧತಿ ನಮ್ಮಲ್ಲಿ ಬೇಡ. ದಾನಿಗಳಲ್ಲಿಯೂ ಒಂದು ಬಿನ್ನಹ: ಹುಟ್ಟುಹಬ್ಬದ ಊಟದ ಬದಲು, ಮಕ್ಕಳ ಸಮಿತಿಯು ಆ ವರ್ಷ ಕೇಳಿದ ಒಂದು ವಸ್ತುವನ್ನು ಒದಗಿಸಿಕೊಡಿರಿ. ಅದು ದೀಪವಾಗಿರಬಹುದು, ಅಗುಳಿಯಾಗಿರಬಹುದು, ಪರೀಕ್ಷೆಯ ತಿಂಗಳಿನ ಸಂಜೆಯ ಉಪಾಹಾರವಾಗಿರಬಹುದು.

ನಾಲ್ಕನೆಯದಾಗಿ, ನಿಲಯವನ್ನು ಬಿಡುವ ಪ್ರತಿ ವಿದ್ಯಾರ್ಥಿಗೂ ಜನನ, ಜಾತಿ, ವ್ಯಾಸಂಗಗಳ ಪ್ರಮಾಣಪತ್ರಗಳು, ಆಧಾರ್, ಬ್ಯಾಂಕಿನ ಖಾತೆ ಎಲ್ಲವೂ ಸಿದ್ಧವಾಗಿರಬೇಕು. ಅರ್ಹರಾದವರ ಅನುಪಾಲನೆಯ ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನಾವೇ ಮುಟ್ಟಿಸಬೇಕು. ಮೊದಲ ಎರಡು ವರ್ಷಗಳ ಕಾಲ ಹಳೆಯ ವಿದ್ಯಾರ್ಥಿಯೊಬ್ಬರು ಅವರ ಸಂಪರ್ಕದಲ್ಲಿರಲಿ. ಬಾಡಿಗೆಯ ಮನೆಯ ಯಜಮಾನನು ಕೇಳುವ ಪ್ರಶ್ನೆಗೆ ‘ನಾನಿದ್ದೇನೆ’ ಎಂದು ಉತ್ತರಿಸುವ ಹಿರಿಯರು ನಮ್ಮ ಹಳೆಯ ವಿದ್ಯಾರ್ಥಿ ಸಂಘದಲ್ಲಿ ಹೇರಳವಾಗಿದ್ದಾರೆ. ಅವರನ್ನು ಕೇಳಿದವರು ಮಾತ್ರ ಇಲ್ಲ.

ಕೊನೆಯದಾಗಿ, ವರ್ಷಕ್ಕೊಮ್ಮೆ ನಮ್ಮ ಶಾಲೆಯ ಸಭಾಭವನದಲ್ಲಿ ಹುಳಿಮಾವಿನ ಮಕ್ಕಳ ಸಭೆಯೊಂದು ನಡೆಯಲಿ. ಸರ್ಕಾರಿ ಶಾಲೆಗಳ, ಅಂಗನವಾಡಿಗಳ, ಕಾರ್ಮಿಕರ ಶೆಡ್ಡುಗಳ ಹಾಗೂ ಸುತ್ತಲಿನ ಪಾಲನಾ ಸಂಸ್ಥೆಗಳ ಮಕ್ಕಳು ಬರಲಿ. ಪಾಲಿತ ಯುವಜನರು ಸಭೆಯನ್ನು ನಡೆಸಲಿ. ಪಾಲಿಕೆಯ ಅಧಿಕಾರಿಗಳೂ, ಪೊಲೀಸ್ ಠಾಣೆಯ ಮಕ್ಕಳ ಕಲ್ಯಾಣಾಧಿಕಾರಿಗಳೂ, ರಕ್ಷಣಾ ಘಟಕದವರೂ ಉತ್ತರ ಹೇಳಲು ಬರಲಿ. ಕಳೆದ ವರ್ಷ ಕೇಳಿದ್ದು ಎಷ್ಟು, ಆದದ್ದು ಎಷ್ಟು ಎಂಬುದನ್ನು ಸಭೆಯ ಆರಂಭದಲ್ಲಿಯೇ ಓದಲಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದರೆ ಸಾಲದು. ಅದಕ್ಕೆ ಕರೆ ಮಾಡಿದ ಮಗುವಿಗೆ ಮುಂದೆ ಏನಾಯಿತೆಂಬುದೂ, ಹೆಸರನ್ನು ಹೊರಗೆಡಹದೆ, ಊರಿಗೆ ತಿಳಿಯಬೇಕು.

ಇವು ಯಾವುವೂ ದೊಡ್ಡ ವೆಚ್ಚದ ಯೋಜನೆಗಳಲ್ಲ. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ, ಬರುವ ಶೈಕ್ಷಣಿಕ ವರ್ಷದಲ್ಲಿ ಮೊದಲನೆಯ ಮತ್ತು ಎರಡನೆಯ ಸಲಹೆಗಳನ್ನಾದರೂ ಜಾರಿಗೆ ತರಬಹುದು. ಮುಂದಿನ ಸ್ಮರಣ ಸಂಚಿಕೆಯಲ್ಲಿ ದಾನಿಗಳ ಪಟ್ಟಿಯ ಪಕ್ಕದಲ್ಲಿಯೇ, ಮಕ್ಕಳ ಸಮಿತಿಯು ಆ ವರ್ಷ ಏನು ಕೇಳಿತು, ಸಂಸ್ಥೆಯು ಏನನ್ನು ಮಾಡಿತು, ಏನನ್ನು ಮಾಡಲಾಗಲಿಲ್ಲ ಎಂಬ ಒಂದು ಪುಟವು ಅಚ್ಚಾಗಲಿ. ಆ ಪುಟವನ್ನು ನಿಲಯದಲ್ಲಿ ಬೆಳೆದ ಒಬ್ಬರು ಬರೆಯಲಿ. ಪೂಜ್ಯ ಶ್ರೀಗಳವರ ಆಶೀರ್ವಾದ, ಆಡಳಿತ ಮಂಡಳಿಯ ಔದಾರ್ಯ, ಹಳೆಯ ವಿದ್ಯಾರ್ಥಿಗಳ ಅಭಿಮಾನಗಳು ಈ ಕಾರ್ಯಕ್ಕೆ ದೊರೆಯುವುವೆಂಬ ದೃಢವಾದ ಭರವಸೆಯಿಂದ, ಸಂಬಂಧಪಟ್ಟವರೆಲ್ಲರ ವಿಮರ್ಶೆಗೆ ಈ ವಿಚಾರಗಳನ್ನು ಒಪ್ಪಿಸುತ್ತೇನೆ.